ಮಣಿಕಟ್ಟಿನ ಹಿಡಿತ

ಬಂದರುಕಟ್ಟೆಯ ಒದ್ದೆ ಹಲಗೆಯ ಮೇಲೆ ಕಾಲು ಜಾರಿತು... ಸಿಲ್ಕೆ ಇನ್ನೇನು ನೀರಿಗೆ ಬೀಳುವುದರಲ್ಲಿದ್ದಳು!

ಗಕ್ಕನೆ ಒಂದು ಕೈ ಅವಳ ಮಣಿಕಟ್ಟು ಹಿಡಿದೆಳೆಯಿತು. ಕೀಲ್ ಬಂದರಿನಲ್ಲಿ ಜನರನ್ನು ಆಚೆ ದಡ ಮುಟ್ಟಿಸುವ ಫೆರಿಯಲ್ಲಿ ಹಗ್ಗ ಕಟ್ಟುವ ಯೋರ್ನ್.

"ಅಂಗೈ ಹಿಡಿದ್ರೆ ಜಾರತ್ತೆ ಕಣ್ರೀ, ಅದಕ್ಕೇ ಇಲ್ಲಿ ಹಿಡಿದೆ," ಎಂದ, ಇನ್ನೂ ಬಿಡದೆ.

ಸಿಲ್ಕೆ ಬೆಚ್ಚಿ ಅವನ ಮುಖ ನೋಡಿದಳು. ಇದು ಅಜ್ಜಿಯ ಮಾತಲ್ಲವೇ...

ಅವಳ ಮನೆಯಲ್ಲಿ ರಸ್ತೆ ದಾಟುವಾಗಲೂ ಹಿಡಿಯುತ್ತಿದ್ದದ್ದು ಮಣಿಕಟ್ಟನ್ನೇ. ಸಾವಿರದ ಒಂಬೈನೂರ ನಲವತ್ತೈದರ ಯುದ್ಧದ ಚಳಿಗಾಲದಲ್ಲಿ, ಪೂರ್ವ ಪ್ರಷ್ಯಾ ಬಿಟ್ಟು ಓಡಿಬಂದವರ ಹಡಗು ಮುಳುಗಿದಾಗ, ಅಜ್ಜಿ ಹೆಡ್ವಿಗ್ ದೊಡ್ಡ ಮಗಳ ಮಣಿಕಟ್ಟು ಹಿಡಿದಿದ್ದಳು, ಚಿಕ್ಕವಳ ಅಂಗೈ. ಉಳಿದವಳು ದೊಡ್ಡವಳು, ಸಿಲ್ಕೆಯ ತಾಯಿ. ಯುದ್ಧ ಸಾರಿದ ಒಬ್ಬ ಮಹಾಶಯನೂ ಆ ಹಡಗಿನಲ್ಲಿರಲಿಲ್ಲ! ಅಂದಿನಿಂದ ಆ ಮನೆಯವರು ಹಡಗು ಹತ್ತಿದವರಲ್ಲ. ಮೂವತ್ತು ವರ್ಷ ಕಳೆದರೂ.

ಇಂದಿಗೂ ಡಾಂಬರು ಬಳಿದ ಹಗ್ಗದ ವಾಸನೆ ಬಂದರೆ ಸಿಲ್ಕೆಗೆ ಯೋರ್ನ್ ಸಿಕ್ಕಿದ ಆ ಬೇಸಿಗೆಯೇ ನೆನಪಾಗುತ್ತದೆ. ಹೊಗೆಯಲ್ಲಿ ಬೇಯಿಸಿದ ಮೀನು ಕೊಳ್ಳುವ ನೆಪದಲ್ಲಿ ಅವಳು ದಿನಾ ಬಂದರಿಗೆ ಹೋಗುತ್ತಿದ್ದಳು.

"ಮನೇಲಿ ಬೆಕ್ಕಿದ್ಯಾ, ಇಲ್ಲ ಎಲ್ಲಾ ನೀನೇ ತಿಂತೀಯಾ?" ಎಂದು ಯೋರ್ನ್ ಕಾಡಿಸುತ್ತಿದ್ದ.

ಒಂದು ಭಾನುವಾರ, ಆಚೆ ದಡದ ಲಾಬೋದಲ್ಲಿದ್ದ ತನ್ನ ತಾಯಿಯ ಮನೆಗೆ ಅವಳನ್ನು ಕಾಫಿಗೆ ಕರೆದ. ಫೆರಿಯಲ್ಲೇ ಹೋಗೋಣವೆಂದ. ಅವಳು ಹೂಂ ಎಂದಳು. ನೀಲಿ ಫ್ರಾಕು ತೊಟ್ಟು ಹಲಗೆಯ ತುದಿಯವರೆಗೂ ಬಂದಳು. ಕೆಳಗೆ ಕಪ್ಪು ನೀರು... ಕಾಲು ಏಳಲಿಲ್ಲ. ಏನೂ ಹೇಳದೆ ತಿರುಗಿ ಓಡಿದಳು!

ಅಂದು ಅವನ ತಾಯಿ ಮಾಡಿಟ್ಟಿದ್ದ ಪ್ಲಮ್ ಕೇಕು ಹಾಗೇ ಉಳಿಯಿತು. ಮರುದಿನದಿಂದ ಯೋರ್ನ್ ಅವಳತ್ತ ಕತ್ತೆತ್ತಿಯೂ ನೋಡಲಿಲ್ಲ.

ಸಿಲ್ಕೆ ಅಜ್ಜಿಯ ಮಡಿಲಲ್ಲಿ ಅತ್ತಳು. ಅಜ್ಜಿ ಎದ್ದಳು. ಕೋಟು ತೊಟ್ಟು, ಮೊಮ್ಮಗಳ ಮಣಿಕಟ್ಟು ಹಿಡಿದು, ಎಷ್ಟೋ ವರ್ಷಗಳ ಮೇಲೆ ಕಡಲ ದಡಕ್ಕೆ ನಡೆದಳು. ಯೋರ್ನನನ್ನು ನಿಲ್ಲಿಸಿ ಎಲ್ಲವನ್ನೂ ಹೇಳಿದಳು.

ಅವನು ಸಿಲ್ಕೆಯತ್ತ ತಿರುಗಿದ. "ಹಗ್ಗ ಕಟ್ಟೋನ ಜೊತೆ ಹೋಗೋಕೆ ನಿಂಗೆ ನಾಚಿಕೆ ಅಂದ್ಕೊಂಡೆ... ಅಮ್ಮ ಮಾಡಿದ ಕೇಕೂ ಹಾಗೇ ಉಳೀತು."

"ಅದೆಲ್ಲ ಆಮೇಲೆ," ಎಂದಳು ಅಜ್ಜಿ. "ಹಿಡ್ಕೋ ಇವಳನ್ನ. ನೋಡೋಣ."

ಅವನು ಸಿಲ್ಕೆಯ ಇನ್ನೊಂದು ಮಣಿಕಟ್ಟು ಹಿಡಿದ. ಅಜ್ಜಿ ತನ್ನ ಕಡೆಗೆ ಬಲವೆಲ್ಲ ಹಾಕಿ ಎಳೆದಳು. ಅವನ ಹಿಡಿತ ಜಾರಲಿಲ್ಲ. ಮತ್ತೊಮ್ಮೆ ಎಳೆದಳು. ಇಲ್ಲ.

ಆಗ ಅಜ್ಜಿಯ ಬೆರಳುಗಳು ಒಂದೊಂದಾಗಿ ಸಡಿಲಿದವು.

"ಕೇಕು ಉಳಿದಿದ್ರೆ ನನಗೂ ಒಂದು ತುಂಡು ತಗೊಂಬನ್ನಿ," ಎಂದು ಮುಖ ತಿರುಗಿಸಿ ಕಣ್ಣೊರೆಸಿಕೊಂಡಳು.

ಸಿಲ್ಕೆ ಹಲಗೆ ದಾಟಿ ಫೆರಿಯೊಳಕ್ಕೆ ಹೆಜ್ಜೆಯಿಟ್ಟಳು. ಫೆರಿ ಅಲುಗಿತು.

"ಕೈ ನೋಯ್ತಿದ್ಯಾ?" ಯೋರ್ನ್ ಮೆಲ್ಲಗೆ ಕೇಳಿದ.

"ನೋಯ್ಲಿ... ನೀನು ಬಿಡ್ಬೇಡ."