ಅಡ್ಡಗೀಟು ಎಚ್

ಗುರುಸಂಗಪ್ಪನವರ ಸೀರೆ ಅಂಗಡಿಯ ಕಂಪ್ಯೂಟರಿನಲ್ಲಿ ಸೆರಗಿನ ಒಂದು ನಕ್ಷೆಯೂ ಉಳಿದಿರಲಿಲ್ಲ. ಮಧ್ಯಾಹ್ನ ನೋಡಿದರೆ ಎಲ್ಲ ಮಾಯ.

ಗಜೇಂದ್ರಗಡದ ಬಸ್ ಸ್ಟ್ಯಾಂಡಿನ ಹತ್ತಿರ ಕಂಪ್ಯೂಟರ್ ರಿಪೇರಿ ಮಾಡುವ ಸುವರ್ಣಾಳಿಗೆ ಕರೆ ಬಂತು. ನಾನು ಅವಳ ಗಂಡ. ಚೀಲ ಹೊರುವುದು, ಬಾಯಿ ಮುಚ್ಚಿಕೊಂಡಿರುವುದು ನನ್ನ ಪಾಲು. ಎರಡನೆಯದು ನನಗೆ ಕಷ್ಟ.

"ಯಾರ ಮ್ಯಾಲ ಸಂಶಯರಿ?" ಎಂದಳು ಸುವರ್ಣಾ.

"ಈಕಿ ಮ್ಯಾಲ." ಗುರುಸಂಗಪ್ಪ ನಕ್ಷೆ ಮಾಡುವ ಶೈಲಶ್ರೀಯತ್ತ ಕೈ ತೋರಿಸಿದರು. "ಎದುರಿನ ಅಂಗಡಿಗೆ ಕೊಟ್ಟು ಇಲ್ಲಿ ಅಳಿಸ್ಯಾಳ. ಇವತ್ತ ಕೆಲಸ ಬಿಡಸ್ತೀನಿ."

ಬಾಗಿಲಲ್ಲಿ ನೇಕಾರರು ನಿಂತು ನೋಡುತ್ತಿದ್ದರು. ಶೈಲಶ್ರೀ ಅಳುತ್ತಿದ್ದಳು. "ನಾ ಊಟಕ್ಕ ಹೋಗಿದ್ದೆರಿ."

"ಹೋಗೂ ಮುಂದ ಅಳಿಸಿರಬೇಕು," ಎಂದ ಮಾಲೀಕರ ಅಣ್ಣನ ಮಗ ಕೊಟ್ರೇಶ. ಹುಬ್ಬಳ್ಳಿಯಲ್ಲಿ ಕಂಪ್ಯೂಟರ್ ಕಲಿತು ಬಂದವನು. "ಪರದಿ ಮ್ಯಾಲ ಟೈಪ್ ಮಾಡಿದ ಕಡೀ ಸಾಲು ನೋಡ್ರಿ—ಅಡ್ಡಗೀಟು ಎಚ್. ಈ ಪ್ರೋಗ್ರಾಂನಾಗ ಅದು ಎಲ್ಲಾ ಅಳಸೂ ಆಜ್ಞಾ. ಗೋಡಿ ಮ್ಯಾಲ ಆಜ್ಞಾ ಬರದು ಅಂಟಿಸಿದ ಹಾಳ್ಯಾಗ ಐತಿ."

ಸುವರ್ಣಾ ಕಪ್ಪು ಪರದೆಯಲ್ಲಿನ ಸಾಲುಗಳನ್ನು ಸ್ವಲ್ಪ ಹಿಂದಕ್ಕೆ ಸರಿಸಿದಳು. "ಅದರ ಮ್ಯಾಲಿನ ಸಾಲು ಯಾರರೆ ಓದೀರೇನು?"

ಯಾರೂ ಓದಿರಲಿಲ್ಲ. ಅಲ್ಲಿ ಅಡ್ಡಗೀಟು ಹಾಕಿ 'ಹೆಲ್ಪ್' ಎಂದಿತ್ತು. ತಿಳಿಯಲಿಲ್ಲ ಎಂದಿತ್ತು ಯಂತ್ರ. ಮತ್ತೆ ಎರಡು ಗೀಟು ಹಾಕಿ 'ಹೆಲ್ಪ್'. ಮತ್ತೆ ಅದೇ ಉತ್ತರ. ಆಮೇಲೆ ಎಚ್.

"ಕಳುವು ಮಾಡಾಕಿ ಸಹಾಯ ಯಾಕ ಕೇಳ್ತಾಳ್ರಿ?" ಎಂದಳು ಸುವರ್ಣಾ. "ಭಾಳ ಪ್ರೋಗ್ರಾಂನಾಗ ಹೆಲ್ಪ್ ಅಂತ, ಇಲ್ಲಾ ಅದರ ಮೊದಲ ಅಕ್ಷರ ಎಚ್ ಅಂತ ಟೈಪ್ ಮಾಡಿದ್ರ ಮಾಹಿತಿ ಬರತೈತಿ. ಈ ಪ್ರೋಗ್ರಾಂ ಮಾಡಿದಂವ ಮಾತ್ರ ಅದಕ್ಕ ಪ್ರಶ್ನಾರ್ಥಕ ಚಿಹ್ನೆ ಇಟ್ಟಾನ. ಶೈಲಶ್ರೀ ಕಲತದ್ದ ಇಲ್ಲಿ. ಆಕಿ ದಿನಾ ಕೇಳಿದ್ದೆಲ್ಲಾ ಪ್ರಶ್ನಾರ್ಥಕ ಚಿಹ್ನೆ ಹಾಕೇ ಕೇಳ್ಯಾಳ, ಹಿಂದಿನ ಸಾಲು ನೋಡ್ರಿ. ಹಂಗಾದ್ರ ಬ್ಯಾರೆ ಕಡೆ ಕಲತು ಬಂದವರು ಯಾರು? ಕೊಟ್ರೇಶ, ಗೋಡಿ ಮ್ಯಾಲಿನ ಹಾಳಿ ನೀವು ಓದಿದ್ದು ಅಳಿಸಿದ ಮ್ಯಾಲ, ಹೌದಲ್ರಿ?"

ಕೊಟ್ರೇಶ ತಲೆ ತಗ್ಗಿಸಿದ. "ಕಾಕಾ, ಆಕಿ ಊಟಕ್ಕ ಹೋದಾಗ ನಾನ ಕುಂತಿದ್ದೆ. ಈ ಪ್ರೋಗ್ರಾಂ ನನಗ ಬರೂದಿಲ್ಲ. ಬರತೈತಿ ಅಂತ ನಿಮಗ ಹೇಳಿಬಿಟ್ಟಿದ್ದೆ."

"ಎತ್ತಿಗಿ ಜ್ವರ ಬಂದ್ರ ಎಮ್ಮಿಗಿ ಬರಿ," ಎಂದೆ ನಾನು. ಸುವರ್ಣಾ ಈ ಸಲ ನನ್ನನ್ನು ದುರುಗುಟ್ಟಿ ನೋಡಲಿಲ್ಲ. ಕೊಟ್ರೇಶ ತಪ್ಪಿ ಒಂದು ಗುಂಡಿ ಒತ್ತಿದ್ದಕ್ಕೆ ನನಗೂ ಸಿಟ್ಟಿರಲಿಲ್ಲ. ಹುಡುಗಿ ಅಳುವಾಗ ಅವಳತ್ತಲೇ ಬೊಟ್ಟು ಮಾಡಿದನಲ್ಲ, ಅದಕ್ಕೆ ಮೈ ಉರಿಯಿತು.

ಅಳಿಸಿದ ನಕ್ಷೆಗಳಲ್ಲಿ ಬಹುಪಾಲನ್ನು ಸುವರ್ಣಾ ಸಂಜೆಯೊಳಗೆ ವಾಪಸ್ ತಂದಳು. ಗುರುಸಂಗಪ್ಪ ಮೆಲ್ಲಗೆ ಹೇಳಿದರು: "ತಪ್ಪಾತವಾ. ನಾಳಿ ಕೆಲಸಕ್ಕ ಬಾ."

ಶೈಲಶ್ರೀ ಕಣ್ಣೊರೆಸಿಕೊಂಡಳು. "ಬರ್ತೀನ್ರಿ. ಆದ್ರ ನನಗ ಕಳ್ಳಿ ಅಂದದ್ದು ಎಲ್ಲಾರ ಮುಂದ. ತಪ್ಪಾತು ಅನ್ನೂದೂ ಎಲ್ಲಾರ ಮುಂದ ಆಗ್ಲಿ."

ಗುರುಸಂಗಪ್ಪ ನೇಕಾರರನ್ನು ಒಳಗೆ ಕರೆದರು. ಮೊದಲು ಅವರು ಹೇಳಿದರು, ಆಮೇಲೆ ಕೊಟ್ರೇಶ.