ಅಕ್ಕ ಕೊಟ್ಟ ಕೋಶಗಳು

ಮಾರ್ಚ್ ಹನ್ನೊಂದು, ಬೆಳಿಗ್ಗೆ ಹತ್ತೂಕಾಲು. ಠಾಣೆಗೆ ಬಂದ ಹೆಂಗಸು ಕುರ್ಚಿ ತೋರಿಸಿದರೂ ಕೂರಲಿಲ್ಲ. ದೂರನ್ನು ಮನೆಯಲ್ಲೇ ಬರೆದು ತಂದಿದ್ದಳು.

"ತಮ್ಮನಿಗೆ ಕಿಡ್ನಿ ಕೊಟ್ಟವಳು ನಾನೇ ಸರ್. ಜೊತೆಗೆ ಸ್ಟೆಮ್ ಸೆಲ್ ಅಂತ ನನ್ನ ರಕ್ತದಿಂದ ತೆಗೆದಿಟ್ಟು ಅವನಿಗೆ ಹಾಕಿದ್ರು. ಅದು ಮೈಗೆ ಒಗ್ಗಿದ್ರೆ ಜೀವಮಾನವಿಡೀ ಮಾತ್ರೆ ನುಂಗೋ ಕಾಟ ಇರಲ್ಲ ಅಂದ್ರು. ಒಗ್ಗಿದೆ ಅಂತ ಮಾತ್ರೆ ನಿಲ್ಲಿಸಿದ್ರು. ಒಂಬತ್ತು ವಾರಕ್ಕೆ ಕಿಡ್ನಿ ಕೈಕೊಡ್ತು. ಹೋಗ್ಬಿಟ್ಟ."

"ಯಾರ ಮೇಲೆ ಅನುಮಾನ?" ಇನ್ಸ್‌ಪೆಕ್ಟರ್ ಕೇಳಿದರು.

"ನನ್ನ ಮೇಲೇ. ನಾದಿನಿ, ಅವನ ಹೆಂಡತಿ, ಮುಖ ಕೊಟ್ಟು ಮಾತಾಡಲ್ಲ. ನಿಮ್ಮ ರಕ್ತವೇ ವಿಷ ಅಂದ್ಬಿಟ್ಲು. ನಾನು ಕೊಟ್ಟಿದ್ದೇ ಅವನನ್ನ ಕೊಲ್ತಾ? ಅದೊಂದು ಹೇಳಿ, ಸಾಕು."

ತನ್ನ ಮೇಲೇ ದೂರು ಕೊಡುವವರೂ ಉಂಟೇ! ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಇನ್ಸ್‌ಪೆಕ್ಟರ್ ಇಂಥದ್ದು ಕಂಡಿರಲಿಲ್ಲ. ನಿರ್ಲಕ್ಷ್ಯದಿಂದಾದ ಸಾವು ಎಂದು ಎಫ್‌ಐಆರ್ ದಾಖಲಾಯಿತು.

ಮಧ್ಯಾಹ್ನ ಎರಡಕ್ಕೆ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಪಂಚನಾಮೆ. ಸೊಂಟದೆತ್ತರದ ಉಕ್ಕಿನ ತೊಟ್ಟಿ, ಒಳಗೆ ಹೆಪ್ಪುಗಟ್ಟಿಸುವ ದ್ರವ ಸಾರಜನಕ. ದಾನಿಗಳ ಸ್ಟೆಮ್ ಸೆಲ್, ಅಂದರೆ ಕಾಂಡಕೋಶದ ಚೀಲಗಳು ಅದರಲ್ಲೇ ಇರುತ್ತಿದ್ದವು. ಅಲ್ಲಿಗೆ ಇಳಿಯುತ್ತಿದ್ದವನು ತಂತ್ರಜ್ಞ ಒಬ್ಬನೇ. ದಿನಾ ಬೆಳಿಗ್ಗೆ ಮರದ ಅಳತೆಪಟ್ಟಿ ಅದ್ದಿ, ಎಲ್ಲಿಯವರೆಗೆ ಮಂಜು ಹಿಡಿಯಿತೋ ಅಷ್ಟನ್ನು ಪುಸ್ತಕದಲ್ಲಿ ಬರೆಯುವುದು ಅವನ ಕೆಲಸ.

ಮಹಿಳಾ ಕಾನ್‌ಸ್ಟೇಬಲ್ ಆ ಪುಸ್ತಕದ ಪುಟ ತಿರುವುತ್ತಿದ್ದವಳು ನಿಂತಳು. "ಸರ್, ಇದು ದಿನಾ ಒಂದಿಷ್ಟು ಆವಿಯಾಗಿ ಹೋಗುತ್ತಂತಲ್ಲ?"

"ಹೌದಂತೆ."

"ನವೆಂಬರಲ್ಲಿ ಒಂಬತ್ತು ದಿನ ಇಪ್ಪತ್ತೆರಡೇ ಸೆಂಟಿಮೀಟರ್ ಇದೆ ನೋಡಿ. ನಮ್ಮನೆ ಬಿಂದಿಗೆ ನೀರೂ ಇಷ್ಟು ನಿಯತ್ತಾಗಿರಲ್ಲ!"

ಸಾರಜನಕ ತರುವ ಲಾರಿಯ ಚೀಟಿಗಳನ್ನು ತರಿಸಿದರು. ಆ ಒಂಬತ್ತು ದಿನ ಲಾರಿ ಬಂದೇ ಇರಲಿಲ್ಲ. ತಮ್ಮನಿಗೆ ಕೋಶ ಹಾಕಿದ್ದು ಅದಾದ ಮೇಲೆ. ತೊಟ್ಟಿಯಲ್ಲಿ ಅಕ್ಕನ ಕೋಶದ ಇನ್ನೊಂದು ಚೀಲ ಉಳಿದಿತ್ತು. ಅದನ್ನು ಮೊಹರು ಮಾಡಿ ಬೇರೆ ಪ್ರಯೋಗಾಲಯಕ್ಕೆ ಕಳಿಸಿದರು. ಒಂದು ಬಣ್ಣ ಹಾಕಿದರೆ ಸತ್ತ ಕೋಶ ಮಾತ್ರ ನೀಲಿಯಾಗುತ್ತದಂತೆ. ಹತ್ತೊಂಬತ್ತರಂದು ವರದಿ ಬಂತು. ಹೆಚ್ಚುಕಮ್ಮಿ ಎಲ್ಲವೂ ನೀಲಿ.

ಇಪ್ಪತ್ತನೇ ತಾರೀಕು ತಂತ್ರಜ್ಞನನ್ನು ಕೂರಿಸಿದರು. ಕೈ ಗಡಗಡ ನಡುಗುತ್ತಿತ್ತು. ಅಪರಾಧಿ ಕೈ, ಮತ್ತಿನ್ನೇನು ಎಂದುಕೊಂಡರು ಇನ್ಸ್‌ಪೆಕ್ಟರ್.

"ಆ ಒಂಬತ್ತು ದಿನ ಅಳತೆ ಹಾಕಿದ್ದು ಯಾರು?"

"ಯಾರೂ ಇಲ್ಲ. ನಂಗೆ ಜ್ವರ. ಬೇರೆ ಕಡೆ ಹೋಗಿ ಅಡ್ಮಿಟ್ ಆಗಿದ್ದೆ, ಇಲ್ಲಿ ಹೇಳಿರಲಿಲ್ಲ. ಬಂದು ಮುಚ್ಚಳ ತೆಗೆದ್ರೆ ತೊಟ್ಟಿ ಒಣಗಿತ್ತು."

"ಆಮೇಲೆ?"

"ಮತ್ತೆ ತುಂಬಿಸಿದೆ. ಆ ಒಂಬತ್ತು ದಿನಕ್ಕೂ ಇಪ್ಪತ್ತೆರಡು ಅಂತ ಪುಸ್ತಕ ತುಂಬಿಸಿದೆ. ಕೋಶ ಜೀವಂತ ಇದಾವೆ ಅಂತ ಬರೆದೆ. ಆಮೇಲೆ, ರೋಗಿಗೆ ಒಗ್ಗಿವೆ ಅಂತ ಪರೀಕ್ಷೆ ವರದೀನೂ ನಾನೇ ಬರೆದೆ."

"ನಾಲಿಗೆ ಬಿದ್ದುಹೋಗಿತ್ತೇನೋ? ಒಂದು ಮಾತು ಹೇಳಿದ್ರೆ ಅಕ್ಕನಿಂದ ಮತ್ತೆ ತೆಗೀಬಹುದಿತ್ತಲ್ಲ!"

"ಹೇಳಿದ್ರೆ ಈ ಚಿಕಿತ್ಸೇನೇ ನಿಲ್ಲಿಸಿಬಿಡ್ತಿದ್ರು ಸರ್. ಪಟ್ಟಿಯಲ್ಲಿ ಮುಂದಿನ ಹೆಸರು ನಂದು."

ಅಂಗಿ ಎತ್ತಿ ತೋರಿಸಿದ. ಕೆಳಹೊಟ್ಟೆಯ ಮೇಲೆ ಉದ್ದನೆಯ ಹೊಲಿಗೆಯ ಗುರುತು. ಹನ್ನೆರಡು ವರ್ಷದ ಹಿಂದೆ ತಾಯಿ ಕೊಟ್ಟ ಕಿಡ್ನಿ. ಅದನ್ನು ಉಳಿಸುವ ಮಾತ್ರೆಯೇ ಅವನಿಗೆ ಮೇಲಿಂದ ಮೇಲೆ ಜ್ವರ ತರಿಸುತ್ತಿತ್ತು, ಕೈ ನಡುಗಿಸುತ್ತಿತ್ತು. ಆ ಮಾತ್ರೆಯಿಂದ ಒಮ್ಮೆ ಬಿಡುಗಡೆಯಾದರೆ ಸಾಕೆಂದು ಕಾದು ಕೂತವನು, ಇನ್ನೊಬ್ಬನ ಮಾತ್ರೆ ನಿಲ್ಲಿಸಿ ಕೊಂದಿದ್ದ. ಸಂಜೆ ನಾಲ್ಕು ನಲವತ್ತಕ್ಕೆ ಬಂಧನದ ಕಾಗದಕ್ಕೆ ಸಹಿ ಬಿತ್ತು.

ಅಕ್ಕನನ್ನು ಕರೆಸಿದರು. "ಅಮ್ಮ, ನೀವು ಕೊಟ್ಟಿದ್ದರಲ್ಲಿ ದೋಷ ಇರಲಿಲ್ಲ. ತಮ್ಮನ ಮೈ ಸೇರೋ ಮುಂಚೇನೇ ಅದು ಸತ್ತಿತ್ತು. ಚೀಲ ಕಾಯೋ ಈ ತಂತ್ರಜ್ಞನಿಗೆ ಗೊತ್ತಿತ್ತು. ಇವನೂ ಕಿಡ್ನಿ ಹಾಕಿಸ್ಕೊಂಡವನೇ."

ಅವಳು ಗೋಡೆ ಹಿಡಿದು ಬಿಕ್ಕಿ ಬಿಕ್ಕಿ ಅತ್ತಳು. ಬೆಂಚಿನ ಮೇಲಿದ್ದ ತಂತ್ರಜ್ಞ ತಲೆ ತಗ್ಗಿಸಿಕೊಂಡೇ, "ಮಾತ್ರೆಗೆ ಹೊತ್ತಾಯ್ತು" ಎಂದ. ಕಾನ್‌ಸ್ಟೇಬಲ್ ಇನ್ಸ್‌ಪೆಕ್ಟರ್ ಮುಖ ನೋಡಿದಳು.

"ಕೊಡಮ್ಮಾ," ಎಂದಳು ಅಕ್ಕ, ಸೆರಗಿನಿಂದ ಕಣ್ಣೊರೆಸಿಕೊಂಡು. "ಒಂದು ಹೊತ್ತೂ ತಪ್ಪಿಸ್ಬೇಡ. ತಪ್ಪಿದ್ರೆ ಏನಾಗುತ್ತೆ ಅಂತ ನೋಡಿದೀನಿ. ಇವನು ಬದುಕಿರ್ಬೇಕು. ಈಗ ನಿಮ್ಮ ಹತ್ರ ಹೇಳಿದ್ದನ್ನ ನನ್ನ ನಾದಿನಿ ಎದುರು ನಿಂತು ಹೇಳ್ಬೇಕು."