ಕತ್ತಿನ ಹಿಂದಿನ ಗುಳ್ಳೆ

ಒಂದು ಹಟ್ಟಿಯಿತ್ತಂತೆ, ಹಟ್ಟಿಯಲ್ಲೊಂದು ಕೂಸಿತ್ತಂತೆ, ಆ ಕೂಸಿನ ನಿದ್ದೆಯನ್ನು ಯಾರೋ ಕದ್ದರಂತೆ. ಹಟ್ಟಿ ಶ್ರೀರಾಂಪುರದ ಹತ್ತಿರದ್ದು. ಕಾಲ ಎಪ್ಪತ್ತಮೂರನೇ ಇಸವಿ, ನೈಲಾನ್ ಫ್ರಾಕು ಹಳ್ಳಿಗೆ ಆಗಷ್ಟೇ ಕಾಲಿಟ್ಟಿದ್ದ ಕಾಲ. ಕಳ್ಳರು ಯಾರು?

ಹೊಸದುರ್ಗದ ನರ್ಸು ಹುಲಿಗೆಮ್ಮ ಕೂಸನ್ನು ಬೋರಲು ಮಲಗಿಸಿ ನೋಡಿದಳು. ಕತ್ತಿನ ಹಿಂದೆ ರೂಪಾಯಿಯಗಲ ನೀರುಗುಳ್ಳೆ. ಉಳಿದ ಮೈ ಬೆಣ್ಣೆಯಂತಿತ್ತು. ಹೋದ ವಾರ ಕೊಟ್ಟ ಮುಲಾಮಿಗೆ ಕಿಂಚಿತ್ತೂ ಬಗ್ಗಿರಲಿಲ್ಲ.

"ನೈಲಾನ್ ಫ್ರಾಕು ಕಣವ್ವ," ಎಂದಳು ಅಜ್ಜಿ ಯಲ್ಲಕ್ಕ. "ಈ ಸೊಸೆ ಹೊಳಲ್ಕೆರೆ ಸಂತೇಲಿ ತಂದದ್ದು. ಸೋಮವಾರ ಇವಳನ್ನ ತೌರಿಗೆ ಕಳಿಸ್ತೀನಿ. ಕೂಸು ಇಲ್ಲೇ ಇರ್ಲಿ."

ಸೊಸೆ ಚಿತ್ತಮ್ಮನ ಮುಖ ಇಳಿಯಿತು. "ಹಾಲು ಕುಡಿಯೋ ಕೂಸು, ನರ್ಸಕ್ಕ. ದಿನಾ ಮಲಗಿಸೋ ಅತ್ತೆ ಕಂಬಳಿ ಚುಚ್ಚಲ್ವಾ?"

"ನಿದ್ದೆ ಕದ್ದ ಕಳ್ಳನ್ನ ಇವತ್ತು ಹಿಡಿದೇ ಹೋಗ್ತೀನಿ," ಎಂದಳು ಹುಲಿಗೆಮ್ಮ. " ಫ್ರಾಕು ಎಲ್ಲೈತೆ?"

"ಅತ್ತೆ ಒಲೆಗೆ ಹಾಕಿದ್ರು. ತಿಂಗಳಾತು."

"ಗುಳ್ಳೆ ಎದ್ದದ್ದು?"

"ಹದಿನೈದು ದಿನ."

"ಸುಟ್ಟ ಬಟ್ಟೆ ಬಂದು ಕಚ್ತಾ, ಯಲ್ಲಕ್ಕ?"

"ನಂಜು ಉಳೀತೈತೆ."

"ಎಲ್ಲಿ — ಬೂದೀಲಾ?" ಹುಲಿಗೆಮ್ಮ ಹಣೆ ಒತ್ತಿಕೊಂಡಳು. "ಹೋಗ್ಲಿ. ಕಂಬಳಿ?"

"ಐವತ್ತು ವರ್ಷದಿಂದ ಅದರ ಮೇಲೇ ಮಲಗೀನಿ. ನನಗೇನಾಗೈತೆ?" ಯಲ್ಲಕ್ಕ ಎಡ ಮೊಣಕೈಯ ಒಳಬದಿ ಪರಪರ ಕೆರೆದುಕೊಂಡಳು.

ಹುಲಿಗೆಮ್ಮ ಆ ಕೈ ಹಿಡಿದಳು. ಅದೇ ಗುಳ್ಳೆ.

"ಇದು?"

"ಸೆಖೆಗೆ. ಬಿಡು."

"ಕೂಸನ್ನ ಎತ್ಕಳ್ರಿ. ದಿನಾ ಎತ್ತೋ ಹಂಗೇ."

ಕೂಸಿನ ಕತ್ತು, ತೊಟ್ಟ ಅಂಗಿಯ ಕೊರಳಪಟ್ಟಿ ಸಮೇತ, ಸರಿಯಾಗಿ ಆ ಗುಳ್ಳೆಯ ಮೇಲೇ ಒರಗಿತು.

"ಈ ಅಂಗಿ ಎಲ್ಲೀದು?"

ಯಲ್ಲಕ್ಕನ ದನಿ ಗಡುಸಾಯಿತು. "ಅದರ ಸುದ್ದಿ ಬ್ಯಾಡ. ಹಿಂದಿನ ಎರಡು ಕೂಸು ಉಳೀಲಿಲ್ಲ. ಏಳು ಮಕ್ಕಳು ಉಳಿದ ಮನೇಲಿ ಬೇಡಿ ತಂದೀನಿ, ದುರ್ಗದ ಪೇಟೆ ಶಿವಕುಮಾರಪ್ಪನೋರ ಮನೇಲಿ. ವರ್ಷ ತುಂಬೋತನಕ ಇದನ್ನೇ ಹಾಕ್ತೀನಿ ಅಂತ ಹರಕೆ."

"ತಂದು ಎಷ್ಟು ದಿನ?"

ಚಿತ್ತಮ್ಮ ಹೇಳಿದಳು: "ಮೂರು ವಾರ."

ಹುಲಿಗೆಮ್ಮ ಕೊರಳಪಟ್ಟಿ ಮಗುಚಿದಳು. ಮೂರು ಕಪ್ಪು ಚುಕ್ಕೆ, ಒಂದು ಗೀಟು. ಬಣ್ಣ ಹೊರಬದಿಗೂ ಇಳಿದಿತ್ತು.

"ಪೇಟೇಲಿ ಮಡಿವಾಳರು ಯಾರ ಬಟ್ಟೆ ಅಂತ ಗುರುತು ಹಾಕ್ತಾರೆ, ಕರಿಗೇರು ಕಾಯಿ ರಸದಲ್ಲಿ. ಎಷ್ಟು ಒಗೆದ್ರೂ ಹೋಗಲ್ಲ. ಆ ರಸ ಕೆಲವರ ಮೈಗೆ ಆಗಿಬರಲ್ಲ, ಗುಳ್ಳೆ ಏಳ್ತೈತೆ. ನಿಮಗೂ ಆಗಿಬಂದಿಲ್ಲ, ನಿಮ್ಮ ಕೂಸಿಗೂ ಆಗಿಬಂದಿಲ್ಲ. ಮನೇಲೇ ಒಗೆಯೋರು ನೀವು, ಗುರುತಿನ ಕಡೆ ಯಾರೂ ನೋಡಲಿಲ್ಲ. ಫ್ರಾಕಲ್ಲ, ಕಂಬಳಿಯಲ್ಲ. ಕಳ್ಳ ಈ ಚುಕ್ಕೆ. ಮನೆಯೊಳಕ್ಕೆ ಕರ್ಕಂಡು ಬಂದೋರು ನೀವು."

"ಹರಕೆ?"

"ಹರಕೆ ಯಾತಕ್ಕೆ ಕಟ್ಟಿದ್ರಿ? ಅಂಗಿ ಉಳೀಲಿ ಅಂತಲಾ?"

ಯಲ್ಲಕ್ಕ ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡಳು. ಆಮೇಲೆ ಸೊಸೆಯ ಕಡೆ ನೋಡದೆ ಹೇಳಿದಳು: "ನನ್ನ ಹಳೇ ಹತ್ತಿ ಸೀರೆ ತಗಂಬಾ. ಮೆತ್ತಗಾಗೈತೆ."

"ಸೋಮವಾರ ನಾನು—"

"ಸೋಮವಾರ ಸೂಜಿ ಹಿಡ್ಕಂಡು ಇಲ್ಲೇ ಕುಂತ್ಕ."

ಹೇಳಿ, ಹರಕೆಯ ಅಂಗಿಯ ಗುಂಡಿಗಳನ್ನು ತನ್ನ ಕೈಯಾರೆ ಒಂದೊಂದಾಗಿ ಬಿಚ್ಚಿದಳು.